ಬ್ಲೇಡು ನೆಲಕ್ಕೆ

ನವೆಂಬರ್ ೪

ಅಕ್ಕನಿಗೆ ತಮ್ಮನ ನಮಸ್ಕಾರ.

ಈ ಕಲ್ಲುಗಣಿಯಲ್ಲಿ ಫೋನ್ ಹಿಡಿಯುವುದಿಲ್ಲ. ಟೌನಿಗೆ ಹೋದಾಗ ಎರಡು ಸಲ ಮಾಡಿದೆ. ಎರಡು ಸಲವೂ ನೀನೇ ಎತ್ತಿ, ಭಾವ ರಿಪೇರಿ ಶೆಡ್ಡಿನಲ್ಲಿದ್ದಾರೆ ಎಂದು ಹೇಳಿ ಇಟ್ಟುಬಿಟ್ಟೆ. ಭಾವನಿಗೆ ನನ್ನ ಮೇಲೆ ಏನಾದರೂ ಸಿಟ್ಟಿದೆಯೇ? ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಮ್ಮ ಡೀಸೆಲ್ ಟ್ಯಾಂಕರಿನ ಡ್ರೈವರ್ ನಿಮ್ಮ ಊರಿನ ಮೇಲೆಯೇ ಓಡಾಡುವವನು. ಹೋಗುವಾಗ ಕೊಟ್ಟು, ಬರುವಾಗ ಉತ್ತರ ತರುತ್ತಾನೆ. ಅವನ ಬಾಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ, ಲಕೋಟೆ ಅಂಟಿಸಿಯೇ ಕೊಡು.

ವಿಷಯ ಇಷ್ಟೇ. ಇಲ್ಲಿ ಒಂದು ಹಳೆಯ ಬುಲ್ಡೋಜರ್ ಮಾರಾಟಕ್ಕಿದೆ. ಮೀಸೆ ಮೂಡಿದಾಗಿನಿಂದ ಕಂಡವರ ಲಾರಿ ಓಡಿಸಿದ್ದಾಯಿತು, ನನ್ನದು ಎನ್ನುವ ಒಂದು ಗಾಡಿ ಬೇಡವೇ? ಗಣಿಯ ಹಿಂದೆ ಕಲ್ಲು ತೆಗೆದು ಬಿಟ್ಟ ಹಳೆಯ ಗುಂಡಿ ಇದೆ, ತುಂಬ ನೀರು. ಮೇಲಿನಿಂದ ಮಣ್ಣು ತಳ್ಳಿ ಅದನ್ನು ಮುಚ್ಚಬೇಕು. ಗಾಡಿ ತಂದರೆ ಆ ಕೆಲಸ ನನಗೇ ಕೊಡುತ್ತೇನೆ ಎಂದು ಗಣಿಯ ಯಜಮಾನರು ಹೇಳಿದ್ದಾರೆ. ಮಾರುವವನಿಗೆ ಇಲ್ಲಿ ಸಕ್ಕರೆಬಾಯಿ ಎಂದು ಹೆಸರು. ಈ ತಿಂಗಳೆಲ್ಲ ಓಡಿಸಿ ನೋಡು, ಮನಸ್ಸಿಗೆ ಬಂದರೆ ತಗೋ ಎಂದಿದ್ದಾನೆ.

ಕೊಳ್ಳಬೇಕಾದರೆ ಮನೆ ಕಟ್ಟಲು ಇಟ್ಟ ಜಾಗ ಮಾರಬೇಕು. ನನ್ನವಳು ಬೇಡ ಎನ್ನುವುದಿಲ್ಲ. ಊಟ ಬಡಿಸುವಾಗ ಮುಖ ನೋಡುವುದಿಲ್ಲ, ಅಷ್ಟೇ. ನಿನ್ನ ಹತ್ತಿರ ಮುಚ್ಚುಮರೆ ಏನು, ನನಗೂ ಧೈರ್ಯ ಸಾಲುತ್ತಿಲ್ಲ. ಲಾರಿಯಾದರೆ ಸದ್ದಿನಲ್ಲೇ ರೋಗ ಹೇಳುತ್ತೇನೆ. ಇದರ ಮುಂದೆ ನಾನು ಅಕ್ಷರ ಬಾರದವನ ಹಾಗೆ ನಿಂತಿದ್ದೇನೆ. ಏನು ನೋಡಬೇಕು, ಎಲ್ಲಿ ಮೋಸ ಇರುತ್ತದೆ, ಇಂಥ ಗಾಡಿಗಳನ್ನೇ ರಿಪೇರಿ ಮಾಡುವ ಭಾವನನ್ನು ಕೇಳಿ ಬರೆ.

ನಿನ್ನ ತಮ್ಮ

ನವೆಂಬರ್ ೭

ತಮ್ಮಾ,

ಕಾಗದ ಸೇರಿತು. ಭಾವನಿಗೆ ನಿನ್ನ ಮೇಲೆ ಯಾವ ಸಿಟ್ಟೂ ಇಲ್ಲ. ಕೈಯೆಲ್ಲ ಗ್ರೀಸು, ಅದಕ್ಕೆ ಅವರು ಹೇಳಿದ್ದನ್ನು ನಾನು ಬರೆಯುತ್ತಿದ್ದೇನೆ. ಗಮನ ಕೊಟ್ಟು ಓದು. ಚಪ್ಪಲಿ ತರಲು ಹೋಗಿ ಎರಡೂ ಎಡಗಾಲಿನದ್ದೇ ತಂದ ಮಹಾನುಭಾವ ನೀನು.

ಮಾರುವವನಿಗೆ ಹೇಳದೆ, ಬೆಳಗ್ಗೆ ಅವನು ಏಳುವ ಮೊದಲೇ ಹೋಗು. ಹೋದವನು ಕೀಲಿ ಕೇಳಬೇಡ. ಮೊದಲು ಎಂಜಿನ್ನಿನ ಮೇಲೆ ಅಂಗೈ ಇಡು. ಬೆಚ್ಚಗಿದ್ದರೆ, ನೀನು ಬರುತ್ತೀಯ ಎಂದು ತಿಳಿದು ಯಾರೋ ಆಗಲೇ ಓಡಿಸಿ ಇಟ್ಟಿದ್ದಾರೆ ಎಂದರ್ಥ. ಸುಮ್ಮನೆ ಹಿಂದಿರುಗಿ, ಇನ್ನೊಂದು ದಿನ ಹೋಗು. ತಣ್ಣಗಿರುವ ಎಂಜಿನ್ ಸುಳ್ಳು ಹೇಳುವುದಿಲ್ಲ. ಶುರುವಾದಾಗ ಬಿಳಿ ಹೊಗೆ ಸ್ವಲ್ಪ ಬಂದು ಹೋದರೆ ಚಿಂತೆಯಿಲ್ಲ, ನೀಲಿ ಹೊಗೆ ನಿಲ್ಲದಿದ್ದರೆ ಅದು ಎಣ್ಣೆ ಕುಡಿಯುತ್ತಿದೆ. ಎಣ್ಣೆ ಅಳೆಯುವ ಕಡ್ಡಿ ತೆಗೆದು ನೋಡು. ಎಣ್ಣೆ ಹಾಲು ಬೆರೆಸಿದ ಚಹಾದಂತಿದ್ದರೆ ಒಳಗೆ ನೀರು ಸೇರಿದೆ.

ಬಣ್ಣಕ್ಕೆ ಮರುಳಾಗಬೇಡ. ಹೊರಗೆ ಥಳಕು, ಒಳಗೆ ಹುಳುಕು. ಮುಂದೆ ಮಣ್ಣು ತಳ್ಳುವ ಬ್ಲೇಡನ್ನು ಹಿಡಿದಿರುವ ಎರಡು ತೋಳುಗಳ ಮೇಲೆ ಬೆರಳು ಆಡಿಸು. ಬಣ್ಣದ ಕೆಳಗೆ ಉಬ್ಬು ಸಿಕ್ಕಿದರೆ ಅಲ್ಲಿ ಒಡೆದದ್ದನ್ನು ಬೆಸೆದಿದ್ದಾರೆ. ಚೈನಿನ ಕೆಳಗಿನ ರೋಲರುಗಳ ಹತ್ತಿರ ಎಣ್ಣೆ ಸೋರಿದ ಕಲೆ ಇದೆಯೋ ನೋಡು. ಚೈನನ್ನು ಎಳೆಯುವ ಹಲ್ಲಿನ ಚಕ್ರದ ಹಲ್ಲು ಮೊಂಡಾಗಿರಬೇಕು. ಚೂಪಾಗಿದ್ದರೆ ಸವೆದು ಹೋಗಿದೆ, ಬೇಡ. ಎಡಕ್ಕೂ ಬಲಕ್ಕೂ ತಿರುಗಿಸಿ ನೋಡು. ಎಲ್ಲ ಮುಗಿದ ಮೇಲೆ ಏನು ಕಂಡೆ, ಏನು ಕೇಳಿದೆ, ಒಂದನ್ನೂ ಬಿಡದೆ ಬರೆ.

ಇನ್ನೊಂದು. ನಮ್ಮ ಶೆಡ್ಡಿನಲ್ಲಿ ಯಾರೇ ಗಾಡಿಯಿಂದ ಇಳಿದರೂ ಮೊದಲು ಬ್ಲೇಡನ್ನು ನೆಲಕ್ಕೆ ಕೂರಿಸಿ ಆಮೇಲೆ ಕಾಲು ಕೆಳಗಿಡಬೇಕು. ಏನಾದರೂ ಎಡವಟ್ಟಾದರೆ, ಏನು ಮಾಡಬೇಕೆಂದು ತೋಚದಿದ್ದರೆ, ಆಗಲೂ ಅದೇ. ನೆಲ ಕಚ್ಚಿದ ಬ್ಲೇಡು ಗಾಡಿಯನ್ನು ಬಿಟ್ಟುಕೊಡುವುದಿಲ್ಲ. ನಮ್ಮ ಮನೆಯಲ್ಲಿ ಹೋಗಿ ಬರುತ್ತೇನೆ ಎನ್ನುವವರಿಗೆಲ್ಲ ಹೇಳುವ ಮಾತೂ ಅದೇ ಆಗಿಹೋಗಿದೆ. ನೀನು ನಗುತ್ತಿದ್ದೆ, ಈಗ ನಗಬೇಡ.

ಬ್ಲೇಡು ನೆಲಕ್ಕೆ.

ಅಕ್ಕ

ನವೆಂಬರ್ ೧೩

ಅಕ್ಕಾ,

ಭಾವನ ಬುದ್ಧಿಗೆ ದೊಡ್ಡ ನಮಸ್ಕಾರ. ಮೊದಲ ದಿನ ಹೋಗಿ ಅಂಗೈ ಇಟ್ಟರೆ ಆಗ ತಾನೇ ಹಾಸಿಗೆಯಿಂದ ಎದ್ದವರ ಮೈಯ ಹಾಗೆ ಬೆಚ್ಚಗಿತ್ತು. ಏನೂ ಹೇಳದೆ ಬಂದುಬಿಟ್ಟೆ. ಎರಡು ದಿನ ಬಿಟ್ಟು ಹೋದೆ, ತಣ್ಣಗಿತ್ತು. ಸಕ್ಕರೆಬಾಯಿ ಹಲ್ಲುಜ್ಜುತ್ತಾ ಓಡಿಬಂದ, ಅವನ ಮುಖ ಪೆಚ್ಚಾದದ್ದನ್ನು ನೀನು ನೋಡಬೇಕಿತ್ತು.

ತಣ್ಣಗಿದ್ದರೂ ಶುರುವಾಯಿತು, ಸ್ವಲ್ಪ ಸತಾಯಿಸಿ. ಕೆಲಸದವರು ಅದನ್ನು ದೊಡ್ಡಪ್ಪ ಎಂದು ಕರೆಯುತ್ತಾರೆ. ಏಳುವ ಮೊದಲು ಕೆಮ್ಮುತ್ತದೆ, ಗೊಣಗುತ್ತದೆ, ಎದ್ದ ಮೇಲೆ ಊರೆಲ್ಲ ಎಬ್ಬಿಸುತ್ತದೆ. ಬಿಳಿ ಹೊಗೆ ಬಂದು ಹೋಯಿತು, ನೀಲಿ ಇಲ್ಲ. ಎಣ್ಣೆ ಕಪ್ಪಗಿದೆ, ನೀರು ಸೇರಿಲ್ಲ. ಒಂದು ರೋಲರ್ ಸೋರುತ್ತಿದೆ. ಹಲ್ಲುಗಳು ಮೊಂಡಾಗಿಯೇ ಇವೆ. ಬ್ಲೇಡಿನ ಬಲಗಡೆ ತೋಳಿನಲ್ಲಿ ಒಂದು ಉಬ್ಬು ಸಿಕ್ಕಿತು, ಹಳೆಯ ಬೆಸುಗೆ, ಗಟ್ಟಿಯಾಗಿದೆ. ಗಣಿಯ ಮಟ್ಟಸವಾದ ಅಂಗಳದಲ್ಲಿ ಓಡಿಸಿದೆ. ಬಲಕ್ಕೆ ನಿಂತಲ್ಲೇ ತಿರುಗುತ್ತದೆ. ಎಡಕ್ಕೆ ತಿರುಗುವಾಗ ಮಾತ್ರ ಸ್ವಲ್ಪ ಅಗಲವಾಗಿ ಸುತ್ತಿಕೊಂಡು ತಿರುಗುತ್ತದೆ. ಮುದುಕನಲ್ಲವೇ, ಒಂದು ಕಡೆ ಸೊಂಟ ಹಿಡಿದಿರಬೇಕು. ಎಲ್ಲ ಹಳೆಯದು, ಸೀಟು ಮಾತ್ರ ಹೊಚ್ಚ ಹೊಸದು, ಕೂತರೆ ಏಳಲು ಮನಸ್ಸಾಗುವುದಿಲ್ಲ.

ನನಗಂತೂ ಹಿಡಿಸಿಬಿಟ್ಟಿದೆ. ಆದರೂ ಒಂದು ಆಸೆ. ಕೊಳ್ಳಬಹುದು ಎಂದು ಭಾವ ತಮ್ಮ ಕೈಯಿಂದ ಒಂದು ಸಾಲು ಬರೆದರೆ ಅದನ್ನು ನನ್ನವಳಿಗೆ ತೋರಿಸುತ್ತೇನೆ. ಅವಳಿಗೂ ಧೈರ್ಯ, ನನಗೂ ಧೈರ್ಯ.

ತಮ್ಮ

ನವೆಂಬರ್ ೧೬

ತಮ್ಮಾ,

ಅವಸರ ಪಡಬೇಡ. ಇನ್ನೂ ಕೊಂಡಿಲ್ಲ, ಕೊಳ್ಳುತ್ತೇನೆ ಎಂದು ಬಾಯಿಬಿಟ್ಟು ಹೇಳಿಯೂ ಇಲ್ಲ, ಹಾಗೆಯೇ ಇರು.

ಎಡಕ್ಕೆ ಅಗಲವಾಗಿ ತಿರುಗುವುದಕ್ಕೆ ಆ ಕಡೆಯ ಚೈನ್ ಸಡಿಲವಾಗಿರುವುದು ಕಾರಣ. ಗ್ರೀಸ್ ತುಂಬಿ ಬಿಗಿ ಮಾಡಿಸಿದರೆ ಸರಿಹೋಗುತ್ತದೆ. ಭಾವ ಹೇಳಿದರು.

ನನ್ನ ತಲೆ ಕೊರೆಯುತ್ತಿರುವುದು ಆ ಸೀಟು. ರೋಲರ್ ಸೋರಿದರೂ ಬದಲಾಯಿಸದ ಮನುಷ್ಯ ಸೀಟು ಏಕೆ ಬದಲಾಯಿಸಿದ? ಓಡಿಸುವವನ ಬೆನ್ನಿನ ಮೇಲೆ ಅಷ್ಟು ಪ್ರೀತಿ ಉಕ್ಕಿತೇ? ನೀನು ಮತ್ತೆ ಹೋಗು. ತಲೆಯ ಮೇಲಿನ ತಗಡಿನ ಚಾವಣಿಯನ್ನು ಹೊತ್ತಿರುವ ನಾಲ್ಕು ಕಂಬಗಳನ್ನು ನೋಡು. ಕೀಲಿಯ ತುದಿಯಿಂದ ಬಣ್ಣ ಕೆರೆದು ನೋಡು. ನಾಲ್ಕೂ ಒಂದೇ ವಯಸ್ಸಿನವೇ? ಬಗ್ಗಿಸಿ ನೆಟ್ಟಗೆ ಮಾಡಿದ ಗುರುತಿದೆಯೇ? ಗಾಡಿ ಒಮ್ಮೆ ಮಗುಚಿ ಬಿದ್ದಿದ್ದರೆ ಮೊದಲು ಹೋಗುವುದು ಕಂಬ, ಆಮೇಲೆ ಸೀಟು. ಇದಕ್ಕೂ ಮೊದಲು ಅದನ್ನು ಓಡಿಸುತ್ತಿದ್ದವನು ಯಾರು, ಈಗ ಎಲ್ಲಿದ್ದಾನೆ, ವಿಚಾರಿಸು. ಸಕ್ಕರೆಬಾಯಿಯನ್ನು ಕೇಳಬೇಡ, ಚಹಾದ ಅಂಗಡಿಯಲ್ಲಿ ಕೇಳು.

ಭಾವನ ಕನ್ನಡಕ ಒಡೆದಿದೆ. ಬರೆಯಲು ಆಗುವುದಿಲ್ಲ. ನಾನು ಬರೆದದ್ದನ್ನೇ ನಿನ್ನ ಹೆಂಡತಿಗೆ ತೋರಿಸು.

ಬ್ಲೇಡು ನೆಲಕ್ಕೆ.

ಅಕ್ಕ

ನವೆಂಬರ್ ೨೧

ಅಕ್ಕಾ,

ಚೈನ್ ಬಿಗಿ ಮಾಡಿಸಿದೆ. ಸ್ವಲ್ಪ ವಾಸಿ ಎನಿಸುತ್ತದೆ. ಎಡಕ್ಕೆ ಈಗಲೂ ಅಗಲವೇ, ಆದರೆ ಕೈಗೆ ರೂಢಿಯಾಗಿದೆ. ಎಡಕ್ಕೆ ತಿರುಗಿಸುವ ಲಿವರನ್ನು ಇನ್ನೂ ಜೋರಾಗಿ ಎಳೆದರೆ ಬರುತ್ತದೆ.

ಸೀಟನ್ನು ಇಲಿ ಕಡಿದಿತ್ತಂತೆ. ಮುಂಚಿನ ಆಪರೇಟರ್ ತನ್ನ ಊರಿಗೆ ಹೋದನಂತೆ, ಅಲ್ಲೇ ಏನೋ ಕೆಲಸ ಸಿಕ್ಕಿರಬೇಕು. ನೀನು ಹಗ್ಗ ಕಂಡರೂ ಹಾವು ಅನ್ನುವವಳು, ಚಿಕ್ಕಂದಿನಿಂದಲೂ ಅಷ್ಟೇ. ನಿನ್ನ ಕಾಗದ ಓದಿ ನನ್ನವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಇನ್ನು ಮೇಲೆ ಹೆದರಿಸುವಂಥದ್ದು ಬರೆಯಬೇಡ.

ಯಜಮಾನರಿಗೆ ಅವಸರ. ಕೆಲಸ ನೋಡಿಯೇ ಮಾತು ಎಂದರು. ಇಪ್ಪತ್ತೈದಕ್ಕೆ ದೊಡ್ಡಪ್ಪನನ್ನು ಗುಂಡಿಯ ಇಳಿಜಾರಿಗೆ ಇಳಿಸುತ್ತೇನೆ. ಇಷ್ಟು ದಿನ ಅಂಗಳದಲ್ಲಿ ಆಡಿದ್ದಾಯಿತು. ದಾರಿ ಒಂದು ಗಾಡಿ ಹಿಡಿಯುವಷ್ಟಿದೆ. ಎಡಗಡೆ ಬಂಡೆಯ ಗೋಡೆ, ಬಲಗಡೆ ಕೆಳಗೆ ನೀರು. ನಿನ್ನೆ ಅಂಚಿನಲ್ಲಿ ನಿಂತು ಒಂದು ಕಲ್ಲು ಎಸೆದೆ. ಬಿದ್ದ ಸದ್ದು ಬರಲು ಎಷ್ಟು ಹೊತ್ತಾಯಿತು ಎಂದರೆ, ಬೀಳಲೇ ಇಲ್ಲವೇನೋ ಎಂದುಕೊಂಡೆ. ಅವತ್ತು ಸಂಜೆಯೊಳಗೆ ಎಲ್ಲ ಸರಿಹೋದರೆ ಸಕ್ಕರೆಬಾಯಿಗೆ ಮಾತು ಕೊಟ್ಟುಬಿಡುತ್ತೇನೆ.

ಮೊದಲ ಕಾಗದದಲ್ಲಿ ಭಾವನ ಕೈಗೆ ಗ್ರೀಸು, ಎರಡನೆಯದರಲ್ಲಿ ಕನ್ನಡಕ ಒಡೆದಿದೆ. ಮೂರನೆಯದಕ್ಕೆ ಏನು ಹುಡುಕಿಟ್ಟಿದ್ದೀಯ?

ತಮ್ಮ

ನವೆಂಬರ್ ೨೪

ತಮ್ಮಾ, ಇಳಿಸಬೇಡ. ಇಷ್ಟನ್ನು ಮೊದಲು ಓದು, ಉಳಿದದ್ದನ್ನು ಆಮೇಲೆ ಓದು. ಆ ಇಳಿಜಾರಿಗೆ ಗಾಡಿ ಇಳಿಸಬೇಡ.

ಭಾವನಿಗೆ ಮಾತಿಲ್ಲ. ಮಳೆಗಾಲ ಶುರುವಾಗುವ ಮೊದಲೇ ಒಂದು ಬೆಳಗ್ಗೆ ಶೆಡ್ಡಿನಲ್ಲಿ ಕುಸಿದುಬಿದ್ದರು. ಬಲಗೈ, ಬಲಗಾಲಿಗೆ ಸ್ವಾಧೀನವಿಲ್ಲ, ನಾಲಿಗೆ ಹೊರಳುವುದಿಲ್ಲ. ಎಲ್ಲ ತಿಳಿಯುತ್ತದೆ, ಹೇಳಲು ಬರುವುದಿಲ್ಲ. ನಿನಗೆ ಹೇಳಿದರೆ ಕೆಲಸ ಬಿಟ್ಟು ಓಡಿಬರುತ್ತೀಯ, ಬಂದವನು ಇಲ್ಲೇ ಕೂರುತ್ತೀಯ ಎಂದು ಹೇಳಲಿಲ್ಲ. ನಿನಗೆ ಬರೆದದ್ದೆಲ್ಲ ನನ್ನದೇ. ಇಷ್ಟು ವರ್ಷ ಅವರಿಗೆ ಸ್ಪಾನರ್ ಎತ್ತಿಕೊಡುತ್ತಾ, ಗಿರಾಕಿಗಳಿಗೆ ಅವರು ಹೇಳಿದ್ದನ್ನು ಕೇಳುತ್ತಾ ಕಲಿತದ್ದು. ಹಿತ್ತಲ ಗಿಡ ಮದ್ದಲ್ಲ, ಅಕ್ಕ ಹೇಳುತ್ತಾಳೆ ಎಂದರೆ ನೀನು ಕೇಳುತ್ತಿರಲಿಲ್ಲ. ಅದಕ್ಕೆ ಅವರ ಹೆಸರು ಹಾಕಿದೆ.

ಇವತ್ತು ಊಟ ಮಾಡಿಸುತ್ತಾ ನಿನ್ನ ಕಾಗದ ಓದಿ ಹೇಳುತ್ತಿದ್ದೆ. ಎಡಕ್ಕೆ ಅಗಲವಾಗಿ ತಿರುಗುತ್ತದೆ ಎನ್ನುವುದನ್ನು ಹಿಂದಿನ ಕಾಗದ ಬಂದಾಗ ಅವರಿಗೆ ಓದಿರಲಿಲ್ಲ, ನನಗೇ ಗೊತ್ತಿರುವ ವಿಷಯ ಎಂದು ಬಿಟ್ಟಿದ್ದೆ. ಇವತ್ತು ಓದಿದೆ, ಇಳಿಜಾರು ಎಂದೂ ಓದಿದೆ. ಅವರು ಎಡಗೈಯಿಂದ ತಟ್ಟೆ ಕಿತ್ತುಕೊಂಡರು. ಊಟವೆಲ್ಲ ಚೆಲ್ಲಿತು, ನಾನು ರೇಗಿದೆ. ಅವರು ತಟ್ಟೆಯನ್ನು ಮಡಿಲಲ್ಲಿ ಓರೆಯಾಗಿ ಇಟ್ಟುಕೊಂಡು, ಅದರ ಮೇಲೆ ಬೆಂಕಿಪೊಟ್ಟಣ ಇಟ್ಟು, ಅದರ ಎಡಗಡೆ ಬೆರಳಿನಿಂದ ಮುಟ್ಟಿ, ಬಲಕ್ಕೆ ಜಾರಿಸಿದರು. ಮತ್ತೆ ಮತ್ತೆ ಅದನ್ನೇ ಮಾಡಿದರು. ಕಣ್ಣಲ್ಲಿ ನೀರು. ನನಗೆ ತಲೆಬುಡ ತಿಳಿಯಲಿಲ್ಲ. ನಮ್ಮ ಬೀದಿಯ ಮೂಲೆ ಮನೆಯಲ್ಲಿ ಹಿಂದೆ ಬುಲ್ಡೋಜರ್ ಓಡಿಸುತ್ತಿದ್ದ ಮುದುಕರೊಬ್ಬರಿದ್ದಾರೆ, ಅವರನ್ನು ಕರೆತಂದೆ. ಅವರು ನಿನ್ನ ಕಾಗದ ಕೇಳಿ, ಭಾವ ಮಾಡಿ ತೋರಿಸಿದ್ದನ್ನು ಒಮ್ಮೆ ನೋಡಿ, ಕೂತಲ್ಲಿಂದ ಎದ್ದುಬಿಟ್ಟರು.

“ಅದು ಚೈನ್ ಅಲ್ಲಮ್ಮಾ, ಎಡಗಡೆ ಬ್ರೇಕ್ ಸತ್ತಿದೆ. ಮಟ್ಟಸ ನೆಲದಲ್ಲಿ ಗೊತ್ತಾಗಲ್ಲ. ಇಳಿಜಾರಲ್ಲಿ ಗಾಡೀನ ತಡೆದು ಹಿಡಿಯೋದು ಎಂಜಿನ್ನು. ಎಡಗಡೆ ಲಿವರ್ ಎಳೆದ್ರೆ ಆ ಕಡೆ ಚೈನಿಗೆ ಎಂಜಿನ್ನಿನ ಹಿಡಿತ ತಪ್ಪುತ್ತೆ. ಬ್ರೇಕೂ ಇಲ್ದಿದ್ರೆ ಎಡಗಡೆ ಚೈನೇ ಜೋರಾಗಿ ಓಡುತ್ತೆ, ಗಾಡಿ ಬಲಕ್ಕೆ ಹೋಗುತ್ತೆ. ಲಾರಿ ಓಡಿಸಿದವನು ಏನ್ ಮಾಡ್ತಾನೆ? ಇನ್ನೂ ಎಡಕ್ಕೆ ಎಳೀತಾನೆ.”

ನಿನ್ನ ಬಲಗಡೆ ನೀರು ಎಂದು ಬರೆದಿದ್ದೀಯ.

ತಮ್ಮಾ, ನಾನು ಕಲಿತದ್ದು ಶೆಡ್ಡಿನಲ್ಲಿ. ಶೆಡ್ಡಿನ ನೆಲ ಮಟ್ಟಸ. ಇಳಿಜಾರಿನಲ್ಲಿ ಓಡಿಸಿ ನೋಡುವುದಕ್ಕೆ ಭಾವ ಯಾವಾಗಲೂ ಒಬ್ಬರೇ ಹೋಗುತ್ತಿದ್ದರು, ನನ್ನನ್ನು ಕರೆದೊಯ್ಯುತ್ತಿರಲಿಲ್ಲ. ಅಲ್ಲಿ ಏನು ನೋಡುತ್ತಾರೆ ಎಂದು ಒಮ್ಮೆಯೂ ಕೇಳಲಿಲ್ಲ. ಕೇಳದವಳು ಎಲ್ಲ ಗೊತ್ತಿರುವ ಹಾಗೆ ನಿನಗೆ ಬರೆದೆ. ಚೈನ್ ಎಂದು ಎಷ್ಟು ಸಲೀಸಾಗಿ ಬರೆದುಬಿಟ್ಟೆ. ನಿನ್ನ ಮೂಗಿನ ಮೇಲೆ ಒಂದು ನೊಣ ಕೂತರೂ ಸಹಿಸದವಳು ನಾನೇ ನಿನ್ನನ್ನು ಆ ಅಂಚಿಗೆ ಕಳಿಸುತ್ತಿದ್ದೇನೆ.

ಫೋನ್ ಮಾಡಿ ಮಾಡಿ ಸಾಕಾಯಿತು, ಹೆಂಗಸಿನ ದನಿ ಅದೇ ಪಾಠ ಒಪ್ಪಿಸುತ್ತದೆ. ಟ್ಯಾಂಕರ್ ಬೆಳಗ್ಗೆಯೇ ಹೋಗಿದೆ. ಗಣಿಗೆ ಖಾಲಿ ಹೋಗುವ ಒಂದು ಕಲ್ಲಿನ ಲಾರಿ ಸಿಕ್ಕಿದೆ, ಆ ಡ್ರೈವರಿನ ಕೈ ಹಿಡಿದುಕೊಂಡು ಇದನ್ನು ಕೊಡುತ್ತಿದ್ದೇನೆ. ಇವರನ್ನು ಬಿಟ್ಟು ನಾನು ಬರುವ ಹಾಗಿಲ್ಲ. ನಾನು ಬರೆದ ಯಾವುದನ್ನೂ ನಂಬಬೇಡ. ನನ್ನ ಮಾತು ನಂಬಬೇಡ. ಇಳಿಯಬೇಡ.

ಅಕ್ಕ

ನವೆಂಬರ್ ೨೭

ತಮ್ಮಾ,

ಇವತ್ತು ಟ್ಯಾಂಕರ್ ಬಂತು. ಉತ್ತರ ಇಲ್ಲ. ಗುಂಡಿಯ ಕಡೆ ಜನ ಸೇರಿದ್ದರು, ಕಾವಲುಗಾರ ಗೇಟಿನಿಂದಲೇ ಕಳಿಸಿದ ಎಂದಷ್ಟೇ ಹೇಳಿದ. ಆ ಮನುಷ್ಯನ ಬಾಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ನೀನು ಬರೆದಿದ್ದೆ. ಇವತ್ತು ನಿಂತಿತ್ತು. ಹೆಚ್ಚು ಕೇಳಿದರೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಕಲ್ಲಿನ ಲಾರಿಯವನು ಕಾಗದ ಕೊಟ್ಟನೋ, ಜೇಬಿನಲ್ಲೇ ಇಟ್ಟುಕೊಂಡನೋ ತಿಳಿಯದು. ಭಾವ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದಾರೆ. ಗಾಡಿ ಸದ್ದಾದಾಗಲೆಲ್ಲ ನನ್ನ ಮುಖ ನೋಡುತ್ತಾರೆ.

ಬೈಯಬೇಕೆಂದಿದ್ದರೆ ಬೈದು ಬರೆ. ಎರಡೇ ಅಕ್ಷರ ಆದರೂ ನಿನ್ನ ಕೈಯದ್ದೇ ಬರಲಿ. ಈ ಕಾಗದ ಬರೆಯುತ್ತಿರುವುದು ನಿನಗೋ, ನಿನ್ನ ಹೆಂಡತಿಗೋ, ನನಗೆ ಗೊತ್ತಿಲ್ಲ.

ಅಕ್ಕ

ನವೆಂಬರ್ ೨೮

ಅಕ್ಕಾ,

ನನ್ನ ಕೈಯದ್ದೇ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಮೈಮೇಲೆ ಒಂದು ಗೀರೂ ಇಲ್ಲ.

ನಿನ್ನ ಎರಡೂ ಕಾಗದ ಈಗ ಮುಂದಿವೆ. ಲಾರಿಯವನು ಮೊದಲನೆಯದನ್ನು ಇಪ್ಪತ್ತೈದರ ಬೆಳಗ್ಗೆಯೇ ಗೇಟಿನಲ್ಲಿ ಕೊಟ್ಟಿದ್ದ. ಕಾವಲುಗಾರ ಅದನ್ನು ನನಗೆ ತಲುಪಿಸಿದ್ದು ಸಂಜೆ. ನಾನು ಊಟದ ಹೊತ್ತಿಗೆ ಮೊದಲೇ ಇಳಿದಾಗಿತ್ತು.

ಬ್ಲೇಡು ಎತ್ತಿಕೊಂಡು ನಿಧಾನವಾಗಿ ಇಳಿಯುತ್ತಿದ್ದೆ. ಗಾಡಿ ಸ್ವಲ್ಪ ಬಲಕ್ಕೆ ವಾಲಿತು. ಎಡಗಡೆ ಲಿವರ್ ಎಳೆದೆ. ಇನ್ನೂ ಬಲಕ್ಕೆ ಹೋಯಿತು. ಪೂರ್ತಿ ಎಳೆದೆ, ಬ್ರೇಕನ್ನು ಪೂರ್ತಿ ತುಳಿದೆ. ಅದು ಅಂಚಿನ ಕಡೆಗೇ ಮೂತಿ ತಿರುಗಿಸಿತು. ಬುದ್ಧಿ ಸತ್ತುಹೋಯಿತು ಅಕ್ಕಾ. ಯಾರನ್ನೂ ನೆನೆಯಲಿಲ್ಲ, ದೇವರನ್ನೂ ನೆನೆಯಲಿಲ್ಲ. ನೀರು ಕಾಣಿಸುತ್ತಿತ್ತು, ಹಸಿರು ಬಣ್ಣದ್ದು. ಏನು ಮಾಡಬೇಕೆಂದು ತೋಚದಿದ್ದರೆ ಎಂದು ನೀನು ಬರೆದಿದ್ದೆಯಲ್ಲ, ಆ ಮಾತೂ ನೆನಪಿಗೆ ಬಂತೆಂದು ಹೇಳಲಾರೆ. ಆದರೆ ಪ್ರತಿ ಕಾಗದದ ಕೊನೆಗೆ ಓದಿ ಓದಿ ಅದು ಕೈಗೆ ಹತ್ತಿಬಿಟ್ಟಿತ್ತು. ಕೈ ತಾನಾಗಿ ಹೋಗಿ ಬ್ಲೇಡಿನ ಲಿವರನ್ನು ಕೆಳಗೆ ತಳ್ಳಿತು. ಬ್ಲೇಡು ದಡಾರನೆ ಬಿದ್ದು ನೆಲ ಕಚ್ಚಿತು. ಗಾಡಿ ಕಿರುಚಿಕೊಂಡು ನಿಂತಿತು. ಬಲಗಡೆ ಚೈನಿನ ಮುಂದಿನ ಅರ್ಧ ಗಾಳಿಯಲ್ಲಿತ್ತು. ಎಡಗಡೆಯಿಂದ ಇಳಿದವನು ಬಂಡೆಗೆ ಅಂಟಿಕೊಂಡು ಕೂತೆ. ಜನ ಬಂದು ಎಬ್ಬಿಸುವ ತನಕ ಏಳಲಿಲ್ಲ. ಟ್ಯಾಂಕರಿನವನು ಹೇಳಿದ ಜನ ಆಮೇಲೆ ಗಾಡಿಯನ್ನು ಅಂಚಿನಿಂದ ಎಳೆದು ತೆಗೆಯಲು ಸೇರಿದವರು.

ಈಗ ನನ್ನ ಸರದಿ. ಹಿಂದಿನ ಎರಡು ಕಂಬ ಹೊಸವು. ನೀನು ಹೇಳಿದ ದಿನವೇ ಕೆರೆದು ನೋಡಿದ್ದೆ. ಬರೆದರೆ ನೀನು ಬೇಡ ಎನ್ನುತ್ತೀಯ ಎಂದು ಬರೆಯಲಿಲ್ಲ. ಮುಂಚಿನ ಆಪರೇಟರನ್ನೂ ಚಹಾದ ಅಂಗಡಿಯಲ್ಲಿ ವಿಚಾರಿಸಿದ್ದೆ. ಅವನು ಊರಿಗೆ ಹೋದದ್ದು ಒಂದೇ ಕಾಲಿನಲ್ಲಿ. ಇಲಿಯ ಕಥೆ ನಾನು ಕಟ್ಟಿದ್ದು. ಇಬ್ಬರೂ ಸೇರಿ ಒಬ್ಬರಿಗೊಬ್ಬರು ಚೆನ್ನಾಗಿಯೇ ಸುಳ್ಳು ಬರೆದುಕೊಂಡಿದ್ದೇವೆ. ಕಾಗದ ತಲುಪಿಸುತ್ತಿದ್ದ ಟ್ಯಾಂಕರಿನವನೇ ವಾಸಿ.

ಇಪ್ಪತ್ತೈದರ ಸಂಜೆ, ನಾನು ನಿನ್ನ ಕಾಗದ ಓದಿದ ಮೇಲೆ, ಸಕ್ಕರೆಬಾಯಿ ಬಂದು ಅಂಚಿನಲ್ಲಿ ನಿಂತ ಗಾಡಿಯನ್ನು ನೋಡಿದ. ನಾನು ಒಂದೇ ಮಾತು ಕೇಳಿದೆ, ಎಡಗಡೆ ಬ್ರೇಕ್ ಸತ್ತಿರುವುದು ನಿನಗೆ ಗೊತ್ತಿತ್ತೋ ಇಲ್ಲವೋ ಎಂದು. ಅವನು ನೆಲ ನೋಡುತ್ತಾ, “ಇಳಿಜಾರಿಗೆ ಇಳಿಸ್ತೀಯ ಅಂತ ನೀನು ಹೇಳಲಿಲ್ಲವಲ್ಲಪ್ಪಾ” ಎಂದ. ಹೊಡೆಯಲು ಕೈ ಎತ್ತುವಷ್ಟು ಶಕ್ತಿಯೂ ನನ್ನಲ್ಲಿ ಇರಲಿಲ್ಲ. ಗಾಡಿ ಬೇಡ ಎಂದು ಹೇಳಿದೆ. ಅವತ್ತು ನನ್ನವಳು ಊಟ ಬಡಿಸುವಾಗ ನನ್ನ ಮುಖವನ್ನೇ ನೋಡುತ್ತಿದ್ದಳು, ತಟ್ಟೆ ತುಂಬಿ ಚೆಲ್ಲಿದ್ದೂ ಗೊತ್ತಾಗಲಿಲ್ಲ.

ನಾಡಿದ್ದು ಇಬ್ಬರೂ ಹೊರಟು ಬರುತ್ತೇವೆ. ಬೇಡ ಎನ್ನಬೇಡ. ಭಾವನ ಎಡಗೈಯನ್ನು ನಾನು ಕಣ್ಣಿಗೆ ಒತ್ತಿಕೊಳ್ಳಬೇಕು. ನಿನ್ನನ್ನು ಮೊದಲು ಬೈಯುತ್ತೇನೆ, ಭಾವನ ವಿಷಯ ಮುಚ್ಚಿಟ್ಟದ್ದಕ್ಕೆ. ಆಮೇಲೆ ಏನು ಮಾಡುತ್ತೇನೋ ಗೊತ್ತಿಲ್ಲ, ಬಹುಶಃ ಅಳುತ್ತೇನೆ.

ನಿನ್ನ ಮಾತು ನಂಬಬೇಡ ಎಂದು ಬರೆದಿದ್ದೀಯ. ಆ ಕಾಗದ ತಡವಾಗಿ ಬಂತು ಅಕ್ಕಾ. ಅಷ್ಟರಲ್ಲಿ ನಂಬಿ, ಬದುಕಿಬಿಟ್ಟಿದ್ದೆ.

ತಮ್ಮ